ದೂರದ ಸವಾರಿಯ ಸೈಕಲ್ಲು: ಆಯ್ಕೆ ಹೇಗೆ, ಅಳವಡಿಕೆ ಹೇಗೆ?

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರಿಗೆ ಸೈಕಲ್ಲು ಹೊಸ ವಸ್ತುವೇನಲ್ಲ. ಬಾಳೆಗೊನೆ, ಹಾಲಿನ ಕ್ಯಾನು, ಹಿಂಡಿ ಮೂಟೆ, ಎಲ್ಲವನ್ನೂ ಹೊತ್ತು ಸಂತೆಗೂ ಡೈರಿಗೂ ಓಡಾಡಿದ್ದು ಕಪ್ಪು ಬಣ್ಣದ, 28 ಇಂಚು ಗಾಲಿಯ ಆ ಸೈಕಲ್ಲೇ. ಕೊಳ್ಳುವಾಗ ಕೇಳುತ್ತಿದ್ದ ಪ್ರಶ್ನೆಯೂ ಒಂದೇ: 22 ಇಂಚಿನದೋ, 24 ಇಂಚಿನದೋ? ಮೋಟಾರ್ ಸೈಕಲ್ಲು ಮನೆಮನೆಗೆ ಬಂದ ಮೇಲೆ ಅದು ಕೊಟ್ಟಿಗೆಯ ಮೂಲೆ ಸೇರಿತು.

ಈಗ ಅದೇ ಸೈಕಲ್ಲು ಬೇರೆ ವೇಷದಲ್ಲಿ ಮನೆಗೆ ಮರಳುತ್ತಿದೆ. ಅಡಿಕೆ ಲೆಕ್ಕ ಕೇಳಲು ಸಂಘಕ್ಕೆ ಬರುವ ಸದಸ್ಯರು ಈಚೆಗೆ, "ಮಗ ದೂರ ಓಡಿಸುವ ಸೈಕಲ್ಲು ಬೇಕೆನ್ನುತ್ತಾನೆ, ಅರ್ಧ ಲಕ್ಷ ಅಂತಾನೆ, ಕೊಡಿಸಬಹುದೇ?" ಎಂದೂ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ವ್ಯಾಯಾಮ ಮಾಡಿರೆಂದು ವೈದ್ಯರು ಹೇಳಿದ ಮೇಲೆ ತಮಗೇ ಒಂದು ಬೇಕೆನ್ನುವವರೂ ಇದ್ದಾರೆ. ಅರ್ಧ ಲಕ್ಷವೆಂದರೆ ಸಣ್ಣ ಬೆಳೆಗಾರನಿಗೆ ಹಗುರವಾದ ಮಾತಲ್ಲ. ದುಡ್ಡು ಸುರಿದು ತಂದ ಸೈಕಲ್ಲು ಮೂರೇ ತಿಂಗಳಲ್ಲಿ ಗೋಡೆಯ ಮೊಳೆಗೆ ನೇತುಬಿದ್ದಿರುವುದನ್ನೂ ನಾವು ಕಂಡಿದ್ದೇವೆ. ಕಾರಣ ವಿಚಾರಿಸಿದರೆ ಬಹುಮಟ್ಟಿಗೆ ಒಂದೇ: ಸೈಕಲ್ಲು ಒಳ್ಳೆಯದೇ, ಆದರೆ ಸವಾರನ ಮೈಗೆ ಹೊಂದಲಿಲ್ಲ. ಆದುದರಿಂದ ಈ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಓಟವಲ್ಲ, ಬಾಳಿಕೆ

ದೂರದ ಸವಾರಿ ರೇಸಿನಂತಲ್ಲ. ಫ್ರಾನ್ಸಿನಲ್ಲಿ 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಮೊದಲು ಸ್ಪರ್ಧೆಯೇ ಆಗಿತ್ತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1200 ಕಿ.ಮೀ. ಸವಾರಿ, 90 ಗಂಟೆಯ ಗಡುವಿನೊಳಗೆ ಮುಗಿಸಿದರಾಯಿತು, ಮೊದಲನೆಯವನು ಯಾರೆಂಬ ಲೆಕ್ಕವಿಲ್ಲ. 2023ರಲ್ಲಿಯೂ ನಡೆಯಿತು. ಇದೇ ಪದ್ಧತಿಯ ಸವಾರಿಗಳು ನಮ್ಮ ದೇಶದಲ್ಲಿಯೂ ಇವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ ಎಂಬುದು ನಿಯಮ.

ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 15 ಕಿ.ಮೀ. ಮಾತ್ರ. ನಮ್ಮ ಹಳೆಯ ಸೈಕಲ್ಲೂ ಈ ವೇಗಕ್ಕೆ ಹೋಗುತ್ತದೆ. ಆದರೆ ಊಟ, ನಿದ್ದೆ, ಪಂಕ್ಚರ್ ಯಾವುದಕ್ಕೂ ಗಡಿಯಾರ ನಿಲ್ಲುವುದಿಲ್ಲ. ಹತ್ತನೆಯ ಗಂಟೆಯಲ್ಲಿಯೂ ಕೈ ಜೋಮು ಹಿಡಿಯದೆ, ಮಂಡಿ ನೋಯದೆ ತುಳಿಯುತ್ತಿರುವುದೇ ಮುಖ್ಯ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸವಾರಿಯಲ್ಲಿ ಮೈಸೂರಿನ ಕಡೆಯ ಬಯಲೂ ನೀಲಗಿರಿಯ ಘಟ್ಟವೂ ಸಿಗುತ್ತವೆ. ಇಂಥ ಸವಾರಿಗೆ ಬೇಕಾದ್ದು ಬಾಳಿಕೆಯ ಸೈಕಲ್ಲು. ಎಂಡ್ಯೂರೆನ್ಸ್ ಎಂದು ಅಂಗಡಿಯವರು ಕರೆಯುವುದು ಇದನ್ನೇ: ಹ್ಯಾಂಡಲ್ ಸ್ವಲ್ಪ ಎತ್ತರ ಮತ್ತು ಹತ್ತಿರ, ಎರಡು ಗಾಲಿಗಳ ನಡುವೆ ಸ್ವಲ್ಪ ಹೆಚ್ಚು ಅಂತರ, ಅಗಲವಾದ ಟೈರಿಗೆ ಜಾಗ. ರೇಸಿನ ಸೈಕಲ್ಲಿನಲ್ಲಿ ಬೆನ್ನು ಬಗ್ಗಿಸಿ ಮಲಗಿದಂತೆ ಕೂರಬೇಕು. ಇದರಲ್ಲಿ ಅಷ್ಟು ಬಗ್ಗಬೇಕಿಲ್ಲ.

ಮೊದಲು ಅಳತೆ, ಆಮೇಲೆ ಹೆಸರು

ಅಡಿಕೆ ಸಸಿಯನ್ನು 9 ಅಡಿ ಅಂತರದಲ್ಲಿ ನೆಡದೆ ಒತ್ತಾಗಿ ನೆಟ್ಟರೆ, ಮುಂದೆ ಎಷ್ಟು ಗೊಬ್ಬರ ಹಾಕಿದರೂ ಆ ತಪ್ಪು ಸರಿಹೋಗದು. ಸೈಕಲ್ಲಿನ ಫ್ರೇಮೂ ಹಾಗೆಯೇ. ಸೀಟು, ಟೈರು, ಗೇರು ಎಲ್ಲವನ್ನೂ ನಂತರ ಬದಲಿಸಬಹುದು. ಫ್ರೇಮಿನ ಅಳತೆಯನ್ನು ಬದಲಿಸಲಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದುಡ್ಡಿನ ವಿಚಾರಕ್ಕೆ ಸರಿ. ಸೈಕಲ್ಲಿನ ವಿಚಾರದಲ್ಲಿ ಕಾಲು ನೋಡಿಯೇ ಹಾಸಿಗೆ ಹೊಲಿಸಬೇಕು.

ಮನೆಯಲ್ಲಿಯೇ ಅಳತೆ ತೆಗೆಯಬಹುದು. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಸಂಖ್ಯೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಸೀಟಿನ ಎತ್ತರ 70.6 ಸೆಂ.ಮೀ. ಇದು ಆರಂಭದ ಅಳತೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಿ ನೋಡತಕ್ಕದ್ದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದು ಅರ್ಥ. ಹಿಂಭಾಗ ನೋಯುತ್ತಿದ್ದರೆ ಅಥವಾ ತುಳಿಯುವಾಗ ಸೊಂಟ ಅತ್ತಿತ್ತ ಓಲಾಡುತ್ತಿದ್ದರೆ ಎತ್ತರವಾಗಿದೆ.

ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಿದಿರಬೇಕು. ಕೈ ಪೂರ್ತಿ ನೀಳವಾಗಿ ಅಂಗೈ ಮೇಲೆ ಭಾರ ಬೀಳುತ್ತಿದ್ದರೆ ಹ್ಯಾಂಡಲ್ ದೂರವಾಯಿತು. ಅದನ್ನು ಹಿಡಿದಿರುವ ಸ್ಟೆಮ್ ಎಂಬ ತುಂಡನ್ನು ಗಿಡ್ಡದಕ್ಕೆ ಬದಲಿಸಬಹುದು. ಹ್ಯಾಂಡಲಿನ ಅಗಲ ಭುಜದ ಅಗಲಕ್ಕೆ ಹೊಂದಲಿ. ಮೆತ್ತನೆಯ ದಪ್ಪ ಸೀಟು ಅಂಗಡಿಯಲ್ಲಿ ಹಿತವೆನಿಸುತ್ತದೆ, ಐವತ್ತು ಕಿ.ಮೀ. ಆದಮೇಲೆ ಉಜ್ಜತೊಡಗುತ್ತದೆ. ಕೂರುವ ಮೂಳೆಗಳಿಗೆ ಸರಿಯಾದ ಅಗಲವಿರುವ, ಸ್ವಲ್ಪ ಗಟ್ಟಿಯಾದ ಸೀಟೇ ಲೇಸು.

ನಮ್ಮ ರಸ್ತೆಗೆ ತಕ್ಕ ಗಾಲಿ

ಕೋಯಿಕ್ಕೋಡಿನಿಂದ ಕೊಳ್ಳೇಗಾಲದವರೆಗಿನ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರಗಳನ್ನು ಪೋಣಿಸಿಕೊಂಡು ಹೋಗುತ್ತದೆ. ಹೆದ್ದಾರಿ ನುಣುಪೆಂದು ನಂಬಿ ತೆಳು ಟೈರು ಕೊಳ್ಳಬಾರದು. ಕಪಿಲೆಯ ದಡದ ಸುತ್ತೂರಿನ ಕಡೆಗೋ ನಾಲೆ ಏರಿಯ ಮೇಲೋ ತಿರುಗಿದೊಡನೆ ಗುಂಡಿ, ಜಲ್ಲಿ, ಜಾಲಿ ಮುಳ್ಳು ಎದುರಾಗುತ್ತವೆ. ಸುಗ್ಗಿಯಲ್ಲಿ ರಸ್ತೆಯೇ ಕಣವಾಗುತ್ತದೆ. ಹುರುಳಿ ಬಳ್ಳಿ ಗೇರಿಗೆ ಸುತ್ತಿಕೊಂಡರೆ ಹಿಂದಿನ ಗೇರು ಮುರಿದು ಕಡ್ಡಿಗಳ ನಡುವೆ ಸಿಕ್ಕಬಹುದು. ಅಂಥಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.

ಆದುದರಿಂದ ಟೈರು 32 ಮಿ.ಮೀ. ಅಗಲ ಇರಲಿ, 28ಕ್ಕಿಂತ ಕಡಮೆ ಬೇಡ. ಮಡ್‌ಗಾರ್ಡ್ ಹಾಕಿದ ಮೇಲೂ ಆ ಅಗಲಕ್ಕೆ ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಗಾಳಿ ಕಲ್ಲಿನಂತೆ ತುಂಬಿಸಿದರೆ ಸೈಕಲ್ಲು ಕುಣಿಯುತ್ತದೆ, ಕೈಗೆ ಪೆಟ್ಟು ಬೀಳುತ್ತದೆ. 70 ಕಿಲೊ ತೂಗುವವರಿಗೆ 32ರ ಟೈರಿನಲ್ಲಿ 60 ಪೌಂಡಿನ ಆಸುಪಾಸು ಸಾಕು. ಮುಂದಿನದಕ್ಕೆ ಇನ್ನೂ ಸ್ವಲ್ಪ ಕಡಮೆ. ಗಾಲಿಗೆ 28 ಅಥವಾ 32 ಕಡ್ಡಿಗಳಿರಲಿ. ಇಪ್ಪತ್ತೇ ಕಡ್ಡಿಯ ಗಾಲಿ ನೋಡಲು ಚೆಂದ; ಒಂದು ಕಡ್ಡಿ ಮುರಿದರೆ ರಿಮ್ಮು ಸೊಟ್ಟಗಾಗಿ ಅಲ್ಲಿಯೇ ನಿಲ್ಲಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಈ ಸೈಕಲ್ಲುಗಳ ಟ್ಯೂಬಿಗೆ ಸಾಮಾನ್ಯವಾಗಿ ಪ್ರೆಸ್ಟಾ ಎಂಬ ತೆಳು ವಾಲ್ವ್ ಇರುತ್ತದೆ. ಹಳ್ಳಿಯ ಸೈಕಲ್ ಷಾಪಿನ ಪಂಪು ಅದಕ್ಕೆ ಹಿಡಿಯದು. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಿನಲ್ಲಿದ್ದರೆ ಮೋಟಾರಿನ ಗಾಳಿಯಂಗಡಿಯಲ್ಲಿಯೂ ಗಾಳಿ ತುಂಬಿಸಿಕೊಳ್ಳಬಹುದು.

ಗೇರಿನ ಲೆಕ್ಕ

ಹಳೆಯ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಬಯಲಿಗೆ ಇದು ಸರಿ, ಏರಿಗೆ ಭಾರ. ಹೊಸ ಸೈಕಲ್ಲಿನಲ್ಲಿ ಮುಂದೆ 50 ಮತ್ತು 34ರ ಎರಡು ಚಕ್ರ, ಹಿಂದೆ 11ರಿಂದ 34ರವರೆಗಿನ ಚಕ್ರಗಳಿದ್ದರೆ ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಹೆಚ್ಚಿನಿಂದ ಹಿಡಿದು ಒಂಬತ್ತು ಮುಕ್ಕಾಲು ಮೀಟರ್‌ವರೆಗೆ ಆಯ್ಕೆ ಇರುತ್ತದೆ. ನಂಜನಗೂಡು–ಟಿ. ನರಸೀಪುರ–ಮೈಸೂರು ಸುತ್ತಿಗೆ ನಡುವಿನ ಗೇರುಗಳೇ ಸಾಕು. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಹಟ್ಟಿ ಘಟ್ಟದ 36 ತಿರುವುಗಳಿಗಾಗಲಿ, ಕಾಫಿ ನಾಡಿನ ಏರುಗಳಿಗಾಗಲಿ ಆ ಕೊನೆಯ 34 ಹಲ್ಲೇ ಮಂಡಿಯನ್ನು ಉಳಿಸುವುದು. ಐವತ್ತು ದಾಟಿದವರು ಇದರಲ್ಲಿ ಸಂಕೋಚಪಡಬೇಕಿಲ್ಲ.

ಚೈನಿನ ಸವಕಳಿಯನ್ನು ಅಡಿಪಟ್ಟಿಯಿಂದಲೇ ತಿಳಿಯಬಹುದು. ಹೊಸ ಚೈನಿನ 12 ಜೋಡಿ ಕೊಂಡಿ ಸರಿಯಾಗಿ 12 ಇಂಚು. ಒಂದು ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಿತೆಂದರೆ ಚೈನು ಬದಲಿಸಿ; ತಡ ಮಾಡಿದರೆ ದುಬಾರಿಯ ಹಲ್ಲುಚಕ್ರಗಳೂ ಹಾಳಾಗುತ್ತವೆ.

ರಿಪೇರಿ ಎಲ್ಲಿ ಆಗುತ್ತದೆ?

ಇದು ನಮ್ಮಂಥ ಹಳ್ಳಿಯವರು ಮರೆಯಬಾರದ ಪ್ರಶ್ನೆ. ಕಾರ್ಬನ್ ಫ್ರೇಮು ಹಗುರ, ಆದರೆ ಪೆಟ್ಟು ಬಿದ್ದು ಒಳಗೆ ಸೀಳಿದರೆ ಕಣ್ಣಿಗೆ ಕಾಣದು. ಅಲ್ಯೂಮಿನಿಯಂ ಅಗ್ಗ ಮತ್ತು ಹಗುರ. ಅದರ ಬಿರುಸನ್ನು ಅಗಲ ಟೈರು ಸಾಕಷ್ಟು ತಗ್ಗಿಸುತ್ತದೆ. ಉಕ್ಕು ತೂಕ ಹೆಚ್ಚು, ಆದರೆ ಹಿತವಾಗಿ ಸಾಗುತ್ತದೆ, ಬೆಸುಗೆಗೂ ಒಗ್ಗುತ್ತದೆ. ಮಳೆಗಾಲದ ಕೆಸರಿಗೆ ಡಿಸ್ಕ್ ಬ್ರೇಕು ಮೇಲು. ಅದರಲ್ಲಿಯೂ ತಂತಿಯಿಂದ ಎಳೆಯುವ ಬಗೆಯದಾದರೆ ಊರಿನ ಮೆಕ್ಯಾನಿಕ್ಕಿನ ಕೈಗೂ ಬಗ್ಗುತ್ತದೆ. ಎಣ್ಣೆಯ ಬ್ರೇಕಿಗೆ ಪಟ್ಟಣಕ್ಕೇ ಹೋಗಬೇಕಾದೀತು. ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸುವ ತೂತುಗಳು ಫ್ರೇಮಿನಲ್ಲಿ ಇವೆಯೇ ಎಂದು ಖಂಡಿತ ನೋಡಿ.

ಬೆಳಕು ಬಿಟ್ಟು ಹೊರಡಬೇಡಿ

ಹಿಂದೀಪವಿಲ್ಲದ ಕಬ್ಬಿನ ಟ್ರೇಲರುಗಳ ನಡುವೆ, ವೇಗದ ಕಾರುಗಳ ಮುಂದೆ, ದೀಪವಿಲ್ಲದ ಸೈಕಲ್ ಸವಾರನ ಜೀವಕ್ಕೆ ಭರವಸೆಯಿಲ್ಲ. ಹಿಂದೆ ಟೈರಿಗೆ ಉಜ್ಜಿ ಉರಿಯುತ್ತಿದ್ದ ಡೈನಮೊ ಈಗ ಮುಂದಿನ ಗಾಲಿಯ ಹಬ್ಬಿನೊಳಗೇ ಬಂದಿದೆ. 6 ವೋಲ್ಟ್, 3 ವಾಟ್. ರಾತ್ರಿಯಿಡೀ ಓಡಿಸುವವರಿಗೆ ಅದು ಲೇಸು, ಮಿಕ್ಕವರಿಗೆ ಚಾರ್ಜಿನ ದೀಪ ಸಾಕು. ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕು ಬಿದ್ದಾಗ ಹೊಳೆಯುವ ಅಂಗಿ, ತಲೆಗೆ ಹೆಲ್ಮೆಟ್, ಈ ಮೂರಕ್ಕೆ ರಿಯಾಯಿತಿ ಇಲ್ಲ. ಗುಂಡ್ಲುಪೇಟೆಯಾಚೆ ಹೋಗುವವರು ಬಂಡೀಪುರದ ಕಾಡುರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ಮುಚ್ಚಿರುತ್ತದೆಂಬುದನ್ನು ನೆನಪಿಟ್ಟು ಹೊರಡತಕ್ಕದ್ದು.

ಹಣದ ಹಂಚಿಕೆ

ಕೈಯಲ್ಲಿರುವ ಹಣವನ್ನು ನಾಲ್ಕು ಪಾಲು ಮಾಡಿ. ಮೂರು ಪಾಲು ಸೈಕಲ್ಲಿಗೆ. ನಾಲ್ಕನೆಯದು ಸೀಟು, ಟೈರು, ದೀಪ, ಹೆಲ್ಮೆಟ್, ಪಂಪು ಮತ್ತು ಪಂಕ್ಚರ್ ಸಾಮಾನಿಗೆ ಮೀಸಲು. ನಾಲ್ಕೂ ಪಾಲನ್ನು ಹೆಸರಾಂತ ಸೈಕಲ್ಲಿಗೇ ಸುರಿದು, ದೀಪವಿಲ್ಲದೆ ರಸ್ತೆಗಿಳಿಯುವುದು ಲಾಭದ ವ್ಯಾಪಾರವಲ್ಲ. ಸರಿಯಾದ ಅಳತೆಯ ಹಳೆಯ ಸೈಕಲ್ಲು ಸಿಕ್ಕರೆ, ತಪ್ಪು ಅಳತೆಯ ಹೊಸತಿಗಿಂತ ಅದೇ ಮೇಲು. ಕೊಟ್ಟಿಗೆಯಲ್ಲಿರುವ ಸೈಕಲ್ಲಿನ ಬಾಲ್ಸು ಬದಲಿಸಿ, ಗ್ರೀಸು ಹಾಕಿಸಿ, ಬೆಂಡು ತೆಗೆಸಿ, ಹಿಂದೆ 22 ಹಲ್ಲಿನ ಫ್ರೀವೀಲ್ ಕೂರಿಸಿದರೆ ಮೊದಲ ಆರು ತಿಂಗಳ ಅಭ್ಯಾಸಕ್ಕೆ ಏನೂ ಕೊರತೆಯಿಲ್ಲ. ಮಗನ ಆಸೆ ಆರು ತಿಂಗಳು ಉಳಿಯಿತೆಂದರೆ ಆಮೇಲೆ ಧಾರಾಳವಾಗಿ ಕೊಡಿಸಬಹುದು.

ಚೈನು ಬಿಚ್ಚುವ ಸಾಧನ, ಕಡ್ಡಿ ಬಿಗಿಮಾಡುವ ಕೀಲಿ, ಗಾಳಿಯ ಒತ್ತಡ ತೋರಿಸುವ ಪಂಪು, ಇವನ್ನು ಮನೆಗೊಂದರಂತೆ ಕೊಳ್ಳುವ ಅಗತ್ಯವಿಲ್ಲ. ಆಸಕ್ತಿಯುಳ್ಳ ಹತ್ತು ಸದಸ್ಯರು ಸೇರಿ ಒಂದು ಜೊತೆ ತಂದು ಸಂಘದಲ್ಲಿ ಇಡಬಹುದು. ಔಷಧಿ ಸಿಂಪಡಿಸುವ ಪಂಪನ್ನು ಹಂಚಿಕೊಂಡು ಬಳಸಿ ರೂಢಿಯಿರುವ ನಮಗೆ ಇದು ಕಷ್ಟವೇನಲ್ಲ. ಒಪ್ಪುವ ಸದಸ್ಯರು ಮುಂದಿನ ಸಭೆಗೆ ಬರುವಾಗ ತಮ್ಮ ಕಾಲಿನ ಅಳತೆಯನ್ನು ಚೀಟಿಯಲ್ಲಿ ಬರೆದು ತರಲಿ; ಯಾರಿಗೆ ಯಾವ ಅಳತೆಯ ಫ್ರೇಮು ಹೊಂದುತ್ತದೆಂಬುದನ್ನು ಒಟ್ಟಿಗೆ ಕುಳಿತು ಲೆಕ್ಕ ಹಾಕೋಣ.