ಉಗ್ರಾಣದ ತೂಕವೂ ಉಗ್ರಾಣಾಧಿಕಾರಿಯ ಹೊಣೆಯೂ

ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿ, ವರ್ಷಗಟ್ಟಲೆ ಕೆಡದಂತೆ ಇಡುವ ಪದ್ಧತಿಯು ಹಳೆಯ ಮೈಸೂರು ಸೀಮೆಯ ರೈತರಿಗೆ ಹೊಸದಲ್ಲ. ಹಗೇವಿನ ರಾಗಿಯು ಒಬ್ಬನೇ ಯಜಮಾನನದು. ಅದು ಕುಗ್ಗಿದರೆ ಅವನು ಯಾರಿಗೂ ಲೆಕ್ಕವೊಪ್ಪಿಸಬೇಕಾದುದಿಲ್ಲ. ಸಾರ್ವಜನಿಕ ಉಗ್ರಾಣದ ಸಂಗತಿಯು ಬೇರೆ. ಅಲ್ಲಿರುವುದೆಲ್ಲವೂ ಪರರ ಸ್ವತ್ತು. 1956ರ ಶಾಸನದಂತೆ 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ, ಅದೇ ವರ್ಷ ಅಂದಿನ ಮೈಸೂರು ರಾಜ್ಯದ ಉಗ್ರಾಣ ನಿಗಮವೂ ಸ್ಥಾಪಿತವಾದುವು. ರೈತನು ಬೆಳೆಯನ್ನು ಉಗ್ರಾಣದಲ್ಲಿಟ್ಟು, ಅದರ ರಸೀತಿಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ಪಡೆದು, ಸುಗ್ಗಿಯ ಅಗ್ಗದ ಧಾರಣೆಗೆ ಮಾರದೆ ಕಾದಿರಲು ಇದರಿಂದ ಅನುಕೂಲವುಂಟಾಯಿತು. 2007ರ ಕಾಯಿದೆಯಂತೆ, ನೋಂದಾಯಿತ ಉಗ್ರಾಣದ ರಸೀತಿಯು ಒಬ್ಬರಿಂದೊಬ್ಬರಿಗೆ ವರ್ಗವಾಗಲೂಬಹುದು. ಧಾನ್ಯವನ್ನು ಕಣ್ಣಿನಿಂದ ಕಾಣದವರು ಕಾಗದವನ್ನು ನಂಬಿ ಹಣ ಕೊಡುವರಾದುದರಿಂದ, ಆ ಕಾಗದವನ್ನು ಬರೆದುಕೊಡುವ ಉಗ್ರಾಣಾಧಿಕಾರಿಯ ಕೆಲಸವು ಬೀಗದ ಕೈಯನ್ನು ಕಾಯುವುದು ಮಾತ್ರವಲ್ಲ.

ಮೂಟೆಗಳ ಎಣಿಕೆಯು ಸರಿಯಾಗಿದ್ದರೆ ದಾಸ್ತಾನು ಸರಿಯಾಗಿದೆಯೆಂದು ಅನೇಕರು ತಿಳಿದಿರುವರು. ಇದು ತಪ್ಪು ತಿಳಿವಳಿಕೆ. ಧಾನ್ಯದಲ್ಲಿ ಯಾವಾಗಲೂ ನೀರಿನ ಅಂಶವುಂಟು. ಅದು ಬೇಸಗೆಯಲ್ಲಿ ಆರುವುದು. ಮಳೆಗಾಲದಲ್ಲಿ ಧಾನ್ಯವು ಗಾಳಿಯಿಂದ ತೇವವನ್ನು ಹೀರುವುದು. ನೂರು ಕ್ವಿಂಟಾಲು ಬತ್ತವು ಶೇಕಡ 14 ತೇವದೊಡನೆ ಒಳಗೆ ಬಂದಿತೆನ್ನೋಣ. ಅದರಲ್ಲಿ 14 ಕ್ವಿಂಟಾಲು ನೀರು, 86 ಕ್ವಿಂಟಾಲು ಒಣ ಪದಾರ್ಥ. ತೇವವು ಶೇಕಡ 12ಕ್ಕೆ ಇಳಿದಾಗ ಒಟ್ಟು ತೂಕವು 97 ಕ್ವಿಂಟಾಲು 73 ಕಿಲೋಗ್ರಾಂ ಆಗುವುದು. ಒಂದು ಕಾಳೂ ಹೊರಗೆ ಹೋಗದೆ 2 ಕ್ವಿಂಟಾಲು 27 ಕಿಲೋಗ್ರಾಂ ಕಡಮೆಯಾಯಿತು! ಒಳಬಂದ ದಿನದ ತೇವವನ್ನು ಬರೆದಿಡದಿದ್ದಲ್ಲಿ, ಪ್ರಾಮಾಣಿಕನಾದ ಅಧಿಕಾರಿಯೂ ಕಳ್ಳತನದ ಅಪವಾದಕ್ಕೆ ಗುರಿಯಾಗುವನು.

ಇದಕ್ಕೆ ವಿರುದ್ಧವಾದ ಅಪಾಯವು ಇನ್ನೂ ಕೆಟ್ಟದ್ದು. ಆಷಾಢ ಶ್ರಾವಣಗಳಲ್ಲಿ ಧಾನ್ಯವು ತೇವವನ್ನು ಹೀರಿ ತೂಕವೇರಿದಾಗ, ಏರಿದಷ್ಟನ್ನು ಹೊರಕ್ಕೆ ಸಾಗಿಸಿದರೂ ಪುಸ್ತಕದ ತೂಕವು ಸರಿಯಾಗಿಯೇ ಕಾಣುವುದು. ಹೀಗೆ ರೈತನು ಕಾಳು ಕೊಟ್ಟು ನೀರು ಪಡೆಯುವನು. ತೂಕದ ಪಕ್ಕದಲ್ಲಿಯೇ ತೇವದ ಅಂಕವನ್ನೂ ಬರೆದರೆ ಮಾತ್ರ ಈ ಮೋಸವು ಹೊರಬೀಳುವುದು. ಕಾಳನ್ನು ಹಲ್ಲಿನಿಂದ ಕಡಿದು ಒಣಗಿದೆಯೇ ಇಲ್ಲವೇ ಎಂದು ಹೇಳುವ ಜಾಣ್ಮೆಯು ಅನುಭವಸ್ಥರಾದ ವರ್ತಕರಲ್ಲಿ ನಿಜವಾಗಿಯೂ ಉಂಟು. ಆದರೆ ಹಲ್ಲಿನ ಸಾಕ್ಷ್ಯವು ಲೆಕ್ಕದ ಪುಸ್ತಕದಲ್ಲಿ ನಿಲ್ಲುವುದಿಲ್ಲ. ತೇವಮಾಪಕ ಯಂತ್ರದಿಂದಲೇ ಪರೀಕ್ಷಿಸತಕ್ಕದ್ದು. ಪರೀಕ್ಷೆಯ ಕಾಳನ್ನು ಬಾಗಿಲ ಬಳಿಯ ಒಂದೆರಡು ಮೂಟೆಗಳಿಂದ ಮಾತ್ರವಲ್ಲದೆ, ರಾಶಿಯ ನಾನಾ ಭಾಗಗಳ ಮೂಟೆಗಳಿಂದ ಕೊಳವೆ ಚುಚ್ಚಿ ತೆಗೆಯಬೇಕು.

ಮೂಟೆಗಳನ್ನು ಬರಿಯ ನೆಲದ ಮೇಲೆ ಇಡಕೂಡದು. ಮರದ ಅಟ್ಟಣೆಯನ್ನು ಹಾಸಿ, ಗೋಡೆಗೂ ರಾಶಿಗೂ ನಡುವೆ ಒಬ್ಬನು ಸುತ್ತಿಬಂದು ನೋಡುವಷ್ಟು ಸ್ಥಳವನ್ನು ಬಿಡಬೇಕು. ಸ್ಥಳವು ದಂಡವಾಯಿತೆಂದು ಕೊರಗುವವರುಂಟು. ಆದರೆ ನೋಡಲು ಹಾದಿಯಿಲ್ಲದ ಮೂಲೆಯಲ್ಲಿಯೇ ಮೊದಲು ಬೂಷ್ಟು ಹಿಡಿಯುವುದು. ಗೊಬ್ಬರ, ಮೆಣಸಿನಕಾಯಿ ಮುಂತಾದುವನ್ನು ಆಹಾರಧಾನ್ಯದೊಡನೆ ಸೇರಿಸಲಾಗದು. ಮೊದಲು ಬಂದ ಸರಕನ್ನು ಮೊದಲು ಹೊರಡಿಸಬೇಕು. ಒಣಹವೆಯ ಹಗಲಿನಲ್ಲಿ ಕಿಟಕಿ ಬಾಗಿಲುಗಳನ್ನು ತೆರೆದು, ಮೋಡ ಮುಸುಕಿ ಗಾಳಿಯು ತೇವವಾಗಿರುವಾಗ ಮುಚ್ಚಿರಬೇಕು. ದಿನವೂ ಗಾಳಿಯಾಡಲೆಂದು ಎಲ್ಲ ಕಾಲದಲ್ಲಿಯೂ ತೆರೆದಿಡುವುದು ಧಾನ್ಯಕ್ಕೆ ನೀರುಣಿಸಿದಂತೆ.

ಹುಳುವಿನ ವಿಷಯದಲ್ಲಿ ಕಣ್ಣಿಗಿಂತ ಕೈ ಮುಂದಾಗಿರಬೇಕು. ಅಕ್ಕಿಯ ಸೊಂಡಿಲು ಹುಳುವು ಕಾಳಿಗೆ ತೂತು ಕೊರೆದು ಮೊಟ್ಟೆಯಿಡುವುದರಿಂದ, ಮರಿಯು ಕಾಳಿನೊಳಗೇ ತಿಂದು ಬೆಳೆಯುವುದು. ಹಿಟ್ಟು ಉದುರಿ ದುಂಬಿಗಳು ಹರಿದಾಡುವ ವೇಳೆಗೆ ಒಂದು ತಲೆಮಾರು ಮುಗಿದಿರುತ್ತದೆ. ಮೂಟೆಯೊಳಕ್ಕೆ ಕೈಹಾಕಿದಾಗ ಬಿಸಿಯಾಗಿ ತೋರಿದರೆ, ಹುಳುವೋ ತೇವವೋ ಒಳಗೆ ಕೆಲಸ ನಡೆಸಿದೆಯೆಂದು ತಿಳಿದು ಕೂಡಲೆ ಆ ರಾಶಿಯನ್ನು ಬಿಚ್ಚಿ ಪರೀಕ್ಷಿಸಬೇಕು. ಅನಿಲವು ಸೋರದ ಹೊದಿಕೆಯ ಕೆಳಗೆ ಅಲ್ಯೂಮಿನಿಯಂ ಫಾಸ್ಫೈಡಿನಿಂದ ಹೊಗೆ ಕೊಡುವುದು ಈಗ ರೂಢಿಯಲ್ಲಿರುವ ಕ್ರಮ. ಆ ಅನಿಲವು ಮನುಷ್ಯರಿಗೂ ಪ್ರಾಣಾಪಾಯಕರವಾದುದರಿಂದ ತರಬೇತು ಹೊಂದಿದವರ ಹೊರತು ಬೇರೆಯವರು ಅದನ್ನು ಮುಟ್ಟಕೂಡದು. ಹೊದಿಕೆಯನ್ನು ತೆಗೆದ ಮೇಲೆ ಅದರ ರಕ್ಷಣೆಯೂ ಮುಗಿಯಿತು. ಪಕ್ಕದ ರಾಶಿಯಲ್ಲಿ ಹುಳುವಿದ್ದರೆ ಅದು ಮರಳಿ ಬರುವುದು.

ಇಲಿ ಹೆಗ್ಗಣಗಳ ಹಾವಳಿಯನ್ನು ಎಲ್ಲರೂ ಬಲ್ಲರು. ಬಾಗಿಲಡಿಯ ಸಂದಿಗೆ ತಗಡು ಹೊಡೆಸದೆ ಬರಿಯ ಪಾಷಾಣವನ್ನು ಇಡುವುದರಿಂದ ಪ್ರಯೋಜನವಿಲ್ಲ. ನೆಲದ ಮೇಲೆ ಚೆಲ್ಲಿದ ಕಾಳನ್ನು ಗುಡಿಸಿ ತೂಗಿ ಪುಸ್ತಕಕ್ಕೆ ಸೇರಿಸುವುದು ಚಿಕ್ಕ ಕೆಲಸವಾದರೂ, ಅದನ್ನು ನಡೆಸುವ ಉಗ್ರಾಣಗಳು ವಿರಳ. ಲೆಕ್ಕಕ್ಕೆ ಬಾರದ ಚೆಲ್ಲುಕಾಳು ಯಾರ ಮನೆಗೆ ಹೋಗುವುದೆಂದು ಕೇಳಬೇಕಾದುದಿಲ್ಲ.

ಸರಕನ್ನು ಇಡುವ ರೈತರು ತೂಕವಾಗುವಾಗ ತಾವೇ ಹಾಜರಿರಬೇಕು. ಉಗ್ರಾಣದಿಂದ ಹೊರಡುವ ಮೊದಲು ರಸೀತಿಯಲ್ಲಿ ನಿವ್ವಳ ತೂಕ, ದರ್ಜೆ, ಇಟ್ಟ ತಾರೀಖು ಬರೆದಿವೆಯೇ ಎಂದು ಓದಿಸಿ ಕೇಳಿ, ಆ ದಿನದ ತೇವವು ಶೇಕಡ ಎಷ್ಟೆಂಬುದನ್ನೂ ಬರೆಸಿಕೊಳ್ಳತಕ್ಕದ್ದು. ಹಿಂದಕ್ಕೆ ಪಡೆಯುವ ದಿನ ಪುನಃ ತೇವವನ್ನು ಅಳೆಯಿಸಿ, ಮೇಲೆ ಹೇಳಿದ ಲೆಕ್ಕದಂತೆ ತಾಳೆ ನೋಡಬಹುದು.