ತಡವಾದ ಸರಕು ಮತ್ತು ಲಾರಿ ಚಾಲಕನ ದುಡಿಮೆಯ ವೇಳೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಿಂದ ಮುಂಬಯಿಯ ಉಪನಗರವಾದ ಪವಾಯಿಗೆ ರಸ್ತೆಯ ಮೂಲಕ ಸುಮಾರು 980 ಕಿ.ಮೀ. ದೂರವಿದೆ. ಸರಕು ತುಂಬಿದ ಲಾರಿಯು ಘಟ್ಟಗಳನ್ನೂ ಟೋಲ್ ಗೇಟುಗಳನ್ನೂ ನಗರಗಳ ದಟ್ಟಣೆಯನ್ನೂ ದಾಟಿ ಸರಾಸರಿ ಗಂಟೆಗೆ 40 ಕಿ.ಮೀ. ಸಾಗುತ್ತದೆಂದು ಹಿಡಿದರೆ, ಚಕ್ರ ಉರುಳುವ ವೇಳೆಯೇ 24 ಗಂಟೆಗಳನ್ನು ಮೀರುತ್ತದೆ. ಆದರೂ ನಾಳೆ ಸಂಜೆಯೊಳಗೆ ಸರಕು ತಲುಪಬೇಕೆಂಬ ಮಾತಿಗೆ ಒಪ್ಪಿ ಒಂಟಿಯಾಗಿ ಹೊರಡುವ ಹೊಸ ಚಾಲಕರಿದ್ದಾರೆ. ಇಂತಹ ಪ್ರಯಾಣದಲ್ಲಿ ವಿಳಂಬವು ಲಾರಿ ಹೊರಡುವ ಮುನ್ನವೇ ನಿಶ್ಚಿತವಾಗಿರುತ್ತದೆ.

ಚಾಲಕರ ದುಡಿಮೆಗೆ ಕಾನೂನು ಮಿತಿ ವಿಧಿಸಿರುವುದು ಇತ್ತೀಚಿನ ಸಂಗತಿಯಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ವಯಸ್ಕ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಗೊತ್ತುಪಡಿಸಿತ್ತು. 5 ಗಂಟೆಗಳ ದುಡಿಮೆಯ ಬಳಿಕ ಕನಿಷ್ಠ ಅರ್ಧ ಗಂಟೆಯ ವಿರಾಮ, ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವ ನಡುವೆ ಸತತ 9 ಗಂಟೆಗಳ ವಿಶ್ರಾಂತಿ ಅದರಲ್ಲಿ ಕಡ್ಡಾಯವಾಗಿದ್ದವು. 1988ರ ಮೋಟಾರು ವಾಹನಗಳ ಅಧಿನಿಯಮದ 91ನೆಯ ಪ್ರಕರಣವೂ ಇದನ್ನೇ ಆಧಾರವಾಗಿ ಇರಿಸಿಕೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿಗಳ ಸಂಹಿತೆಯು 1961ರ ಅಧಿನಿಯಮದ ಸ್ಥಾನವನ್ನು ಪಡೆದಿದೆ. ದಿನಕ್ಕೆ 8 ಗಂಟೆಗಳ ಮಿತಿ ಅದರಲ್ಲಿಯೂ ಉಳಿದಿದೆ. ಹೆಚ್ಚಿನ ವೇಳೆಯ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು. ಅದಕ್ಕೆ ಎರಡು ಪಟ್ಟು ದರದಲ್ಲಿ ವೇತನ ಸಲ್ಲಬೇಕು.

ಹೊಸಬರು ಸಾಮಾನ್ಯವಾಗಿ ತಪ್ಪು ತಿಳಿಯುವ ಅಂಶವೊಂದು ಇಲ್ಲಿದೆ. ದುಡಿಮೆಯ ವೇಳೆಯೆಂದರೆ ಲಾರಿ ಚಲಿಸುತ್ತಿರುವ ವೇಳೆ ಮಾತ್ರವೆಂದು ಅವರು ಭಾವಿಸುತ್ತಾರೆ. ಸರಕು ಏರಿಸುವುದು, ಇಳಿಸುವುದು, ವಾಹನದ ದುರಸ್ತಿಯಲ್ಲಿ ತೊಡಗುವುದು, ಲೆಕ್ಕ ಬರೆಯುವುದು ಇವೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಪೂರಕ ಕೆಲಸಗಳಾಗಿದ್ದು, ದುಡಿಮೆಯ ವೇಳೆಗೆ ಸೇರುತ್ತವೆ. ಪೀಣ್ಯದಲ್ಲಿ ಮೂರು ಗಂಟೆ ಸರಕು ಏರಿಸುವ ಕೆಲಸದಲ್ಲಿ ನಿಂತ ಚಾಲಕನಿಗೆ ಆ ದಿನ ಉಳಿಯುವುದು ಐದೇ ಗಂಟೆ.

ಮುಂಜಾನೆಯೇ ಹೊರಟ ಒಬ್ಬ ಚಾಲಕನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಿನಕ್ಕೆ 8 ಗಂಟೆಗಳಂತೆ ಆತನು ಮೊದಲ ದಿನ ರಾಣೆಬೆನ್ನೂರನ್ನು ದಾಟುತ್ತಾನೆ, ಎರಡನೆಯ ದಿನ ಕೊಲ್ಹಾಪುರದ ಆಸುಪಾಸಿನಲ್ಲಿರುತ್ತಾನೆ. ಮೂರನೆಯ ದಿನ ಖಂಬಾಟ್ಕಿ ಘಟ್ಟ, ಪುಣೆ, ಖಂಡಾಲ ಕಳೆದು ಸಂಜೆಗೆ ನವಿ ಮುಂಬಯಿಯನ್ನು ಸೇರುತ್ತಾನೆ. ಆದರೆ ಪವಾಯಿ ಇನ್ನೂ ಮುಂದಿದೆ. ಬೆಳಗಿನ ಹಾಗೂ ಸಂಜೆಯ ದಟ್ಟಣೆಯ ವೇಳೆಯಲ್ಲಿ ಮುಂಬಯಿಯೊಳಗೆ ಭಾರಿ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಐರೋಲಿ ಸೇತುವೆಯನ್ನು ದಾಟಿ, ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯಿಂದ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಗೆ ತಿರುಗಿ, ಗಾಂಧಿನಗರ ಜಂಕ್ಷನ್ನಿನ ಮೂಲಕ ಸಾಗುವ ದಾರಿ ಕೆಲವೇ ಕಿಲೋಮೀಟರುಗಳದ್ದಾದರೂ, ತಪ್ಪು ವೇಳೆಗೆ ಬಂದ ಲಾರಿ ಹೊರಗೇ ಕಾಯಬೇಕು. ಆದುದರಿಂದ ಸರಕು ಇಳಿಯುವುದು ನಾಲ್ಕನೆಯ ದಿನ. ಈ ಲೆಕ್ಕವನ್ನು ಬಾಡಿಗೆ ಒಪ್ಪಿಕೊಳ್ಳುವಾಗಲೇ ಹೇಳಬೇಕು.

ಸರಕಿನ ಕಾಗದಪತ್ರಗಳು ಚಾಲಕನನ್ನು ಅವಸರಪಡಿಸುವುದಿಲ್ಲ. ಸಾಮಾನ್ಯ ಸರಕಿನ ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದಂತೆ ಸಿಂಧುತ್ವವಿದೆ. ಈ ದಾರಿಗೆ ಐದು ದಿನಗಳು ದೊರೆಯುತ್ತವೆ. ಅಪಘಾತ, ಪ್ರಕೃತಿ ವಿಕೋಪ ಮುಂತಾದ ಕಾರಣಗಳಿಂದ ಅವಧಿ ಸಾಲದಿದ್ದರೆ, ಅದು ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಸಾಗಣೆದಾರನು ಅದನ್ನು ವಿಸ್ತರಿಸಿಕೊಳ್ಳಬಹುದು. ಅವಸರವು ಹೆಚ್ಚಾಗಿ ಬಾಯಿಮಾತಿನ ಒಪ್ಪಂದದಿಂದಲೇ ಹುಟ್ಟುತ್ತದೆ.

ವಾಹನ ಕೆಟ್ಟುನಿಂತಾಗ, ಸಂಚಾರಕ್ಕೆ ಅಡ್ಡಿಯಾದಾಗ ಅಥವಾ ಪ್ರಕೃತಿ ವಿಕೋಪದಲ್ಲಿ ಮಿತಿಯನ್ನು ಮೀರಲು 1961ರ ಅಧಿನಿಯಮವು ಅವಕಾಶ ನೀಡಿತ್ತು. ಗಿರಾಕಿಗೆ ಕೊಟ್ಟ ಮಾತು ಆ ಕಾರಣಗಳ ಸಾಲಿನಲ್ಲಿ ಇರಲಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಲಾರಿ ಮೂರು ಸೆಕೆಂಡುಗಳಲ್ಲಿ 50 ಮೀಟರು ಸಾಗುತ್ತದೆ. ತೂಕಡಿಕೆಗೆ ಅಷ್ಟು ಹೊತ್ತು ಸಾಕು. ಪುಣೆಯ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಅಪಘಾತಗಳು ಮರುಕಳಿಸುತ್ತಲೇ ಇವೆ. ದಣಿದ ಚಾಲಕನು ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದರೆ ಇಡೀ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಬ್ರೇಕು ಕಾದು ಹಿಡಿತ ತಪ್ಪಿದ ಮೇಲೆ ಅನುಭವಿಯೂ ಅಸಹಾಯಕನೇ.

ರಾಷ್ಟ್ರೀಯ ಪರವಾನಗಿಯ ಲಾರಿಗಳಲ್ಲಿ ಇಬ್ಬರು ಚಾಲಕರು ಇರಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಅಂದಿನಿಂದ ಎರಡನೆಯ ಚಾಲಕನನ್ನು ಅನಗತ್ಯ ಖರ್ಚೆಂದು ಎಣಿಸುವ ಮಾಲೀಕರೂ ಇದ್ದಾರೆ. ನಿಯಮ ಹೋದರೂ ಒಬ್ಬ ಮನುಷ್ಯನ ನಿದ್ರೆಯ ಅಗತ್ಯ ಕಡಿಮೆಯಾಗಿಲ್ಲ. ಎರಡು ದಿನಗಳಲ್ಲಿ ತಲುಪಲೇಬೇಕಾದ ಸರಕಿಗೆ ಇಬ್ಬರು ಚಾಲಕರನ್ನು ಕೇಳುವುದು ನ್ಯಾಯವಾದ ಬೇಡಿಕೆ.

ತಡವಾಗುವುದು ಖಚಿತವಾದ ಕೂಡಲೇ ಲಾರಿಯನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಮಾಲೀಕನಿಗೂ ಸರಕು ಪಡೆಯುವವರಿಗೂ ತಿಳಿಸಬೇಕು. ಇರುವ ಸ್ಥಳ, ಕಾರಣ, ತಲುಪುವ ಅಂದಾಜು ವೇಳೆ, ಈ ಮೂರನ್ನು ಫೋನಿನಲ್ಲಿ ಹೇಳಿ, ಅದನ್ನೇ ಸಂದೇಶವಾಗಿಯೂ ಕಳುಹಿಸಿದರೆ ಮುಂದೆ ಪುರಾವೆಯಾಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಕೆಟ್ಟರೆ 1033ಕ್ಕೂ, ತುರ್ತು ಸಂದರ್ಭದಲ್ಲಿ 112ಕ್ಕೂ ಕರೆಮಾಡಬಹುದು.

ತಡವಾಯಿತೆಂದು ಮಾಲೀಕನು ತನಗೆ ತೋಚಿದಷ್ಟು ಹಣವನ್ನು ವೇತನದಲ್ಲಿ ಹಿಡಿಯುವಂತಿಲ್ಲ. 2019ರ ವೇತನ ಸಂಹಿತೆಯ ಪ್ರಕಾರ ಒಂದು ವೇತನ ಅವಧಿಯ ದಂಡವು ಆ ಅವಧಿಯ ವೇತನದ ಶೇಕಡ 3ನ್ನು ಮೀರಕೂಡದು. ವಿವರಣೆ ನೀಡಲು ಕಾರ್ಮಿಕನಿಗೆ ಅವಕಾಶ ಕೊಡದೆ ದಂಡ ವಿಧಿಸುವಂತೆಯೂ ಇಲ್ಲ. ವಹಿಸಿಕೊಟ್ಟ ಸರಕು ನಷ್ಟವಾದರೆ, ಅದು ನೇರವಾಗಿ ಆತನ ಅಲಕ್ಷ್ಯದಿಂದ ಆಗಿದ್ದಲ್ಲಿ ಮಾತ್ರ ಕಡಿತಕ್ಕೆ ಅವಕಾಶವಿದೆ.

ಪವಾಯಿಯ ಗೋದಾಮಿನ ಬಾಗಿಲಲ್ಲಿ ಕಳೆಯುವ ಹೊತ್ತಿಗೂ ಲೆಕ್ಕವಿರಬೇಕು. ಲಾರಿ ಬಂದ ವೇಳೆಯನ್ನೂ ಸರಕು ಇಳಿಸಿ ಹೊರಟ ವೇಳೆಯನ್ನೂ ಸರಕು ರಸೀದಿಯ ಪ್ರತಿಯ ಮೇಲೆ ಬರೆಸಿ, ಅಲ್ಲಿಯವರ ಸಹಿ ಹಾಗೂ ಮೊಹರನ್ನು ಪಡೆಯುವುದು ಅವಶ್ಯಕ. ಹಾಲ್ಟಿಂಗ್ ಹಣವನ್ನು ಕೇಳುವಾಗ ಮಾಲೀಕನ ಕೈಯಲ್ಲಿ ಉಳಿಯುವ ದಾಖಲೆ ಅದೇ. ಚಾಲಕನು ಎಷ್ಟು ಹೊತ್ತು ದುಡಿದನೆಂಬುದಕ್ಕೂ ಅದೇ ಸಾಕ್ಷಿ.