ಸೀಟಿಯ ನಂತರ ಚೆಂಡು ಯಾವಾಗ?

ಗುಡವಿ ಕೆರೆಗೆ ಹಕ್ಕಿಗಳು ಬಂದು ಕೂಡುವ ಮಳೆಗಾಲವೇ ಸೊರಬ, ಶಿಕಾರಿಪುರದ ಶಾಲೆಗಳಿಗೆ ಕ್ರೀಡಾಕೂಟಗಳ ಕಾಲವೂ ಹೌದು. ಈ ಸೀಮೆಯ ಹಳ್ಳಿ ಮಕ್ಕಳಿಗೆ ಕಬಡ್ಡಿ, ಖೊಖೊ, ವಾಲಿಬಾಲ್ ಯಾರೂ ಹೇಳಿಕೊಡದೆ ಬರುತ್ತವೆ. ಬಾಸ್ಕೆಟ್‌ಬಾಲ್ ಹಾಗೆ ಬರುವುದಿಲ್ಲ. ಅದಕ್ಕೆ ಸಿಮೆಂಟಿನ ಅಂಕಣ ಬೇಕು, ಬೋರ್ಡು ಬೇಕು, ರಿಂಗು ಬೇಕು. ಆಡುವವರಿಗೆ ರೂಢಿ ಕಡಿಮೆಯಾದ ಕಡೆ ಆಡಿಸುವವರಿಗೂ ರೂಢಿ ಕಡಿಮೆಯೇ. ವಾಲಿಬಾಲ್, ಕಬಡ್ಡಿ ಆಡಿಸಿ ಪಳಗಿದ ಪಿ.ಟಿ. ಮೇಷ್ಟ್ರು ಬಾಸ್ಕೆಟ್‌ಬಾಲ್ ಅಂಕಣಕ್ಕೆ ಇಳಿದಾಗ ತೊಡಕಾಗುವುದು ಫೌಲು ಗುರುತಿಸುವುದರಲ್ಲಿ ಮಾತ್ರ ಅಲ್ಲ. ಸೀಟಿ ಊದಿ ನಿಲ್ಲಿಸಿದ ಆಟವನ್ನು ಎಷ್ಟು ಬೇಗ ಮತ್ತೆ ಶುರು ಮಾಡಬೇಕು ಎನ್ನುವುದರಲ್ಲಿ ಅದಕ್ಕಿಂತ ಹೆಚ್ಚು ತೊಡಕಾಗುತ್ತದೆ.

ನಮಗೆ ಗೊತ್ತಿರುವ ಆಟಗಳಿಂದಲೇ ನೋಡೋಣ. ಕಬಡ್ಡಿಯಲ್ಲಿ ಒಬ್ಬ ರೈಡರ್ ತನ್ನ ಅಂಕಣಕ್ಕೆ ಮರಳಿದ ಮೇಲೋ ಔಟಾದ ಮೇಲೋ ಎದುರು ತಂಡ ಐದು ಸೆಕೆಂಡಿನೊಳಗೆ ತನ್ನ ರೈಡರನ್ನು ಕಳಿಸಬೇಕು. ಆಟಗಾರನಿಗೆ ಪೆಟ್ಟಾದರೆ, ಹೊರಗಿನವರು ನುಗ್ಗಿದರೆ, ಮಣ್ಣಿನ ಅಂಕಣದಲ್ಲಿ ಅಳಿಸಿಹೋದ ಗೆರೆಯನ್ನು ಮತ್ತೆ ಎಳೆಯಬೇಕಾದರೆ ತೀರ್ಪುಗಾರರು ತಾವೇ ಟೈಮ್‌ಔಟ್ ಕೊಟ್ಟು, ಹೋದ ಹೊತ್ತನ್ನು ಪಂದ್ಯಕ್ಕೆ ಸೇರಿಸಬಹುದು. ವಾಲಿಬಾಲಿನಲ್ಲಿ ಮೊದಲ ರೆಫರಿ ಎರಡೂ ತಂಡ ಸಿದ್ಧವಾಗಿವೆಯೇ, ಸರ್ವ್ ಮಾಡುವವನ ಕೈಯಲ್ಲಿ ಚೆಂಡು ಇದೆಯೇ ಎಂದು ನೋಡಿಯೇ ಸೀಟಿ ಊದುತ್ತಾರೆ. ಅಲ್ಲಿಂದ ಎಂಟು ಸೆಕೆಂಡಿನಲ್ಲಿ ಸರ್ವ್ ಆಗಬೇಕು. ಸೀಟಿಗೆ ಮೊದಲೇ ಹೊಡೆದ ಸರ್ವ್ ರದ್ದಾಗಿ ಮತ್ತೆ ಹೊಡೆಯಬೇಕಾಗುತ್ತದೆ. ಅಂದರೆ ಎರಡೂ ತಂಡ ಸಿದ್ಧವಾಗಿವೆ ಎಂಬುದನ್ನು ಸೀಟಿಯೇ ಸಾರುತ್ತದೆ.

ಬಾಸ್ಕೆಟ್‌ಬಾಲಿನಲ್ಲಿ ಆಟ ಶುರುವಾಗುವುದು ಸೀಟಿಯಿಂದಲ್ಲ, ರೆಫರಿಯ ಕೈಯಿಂದ. ಸೀಟಿ ಬಿದ್ದ ಕೂಡಲೇ ಚೆಂಡು ಡೆಡ್ ಆಗುತ್ತದೆ, ಗಡಿಯಾರ ನಿಲ್ಲುತ್ತದೆ. ಥ್ರೋ-ಇನ್ ಮಾಡುವ ಅಥವಾ ಫ್ರೀ ಥ್ರೋ ಎಸೆಯುವ ಆಟಗಾರನ ಕೈಗೆ ರೆಫರಿ ಚೆಂಡು ಕೊಟ್ಟಾಗಲೇ ಅದು ಮತ್ತೆ ಲೈವ್. ಕೈಗೆ ಬಂದ ಮೇಲೆ ಆಟಗಾರನಿಗೆ ಐದು ಸೆಕೆಂಡು. ಈ ಐದು ಸೆಕೆಂಡಿನ ಲೆಕ್ಕ ಆಟದಷ್ಟೇ ಹಳೆಯದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಮೊದಲ ಹದಿಮೂರು ನಿಯಮಗಳಲ್ಲೇ ಅದು ಇದೆ. ಪದೇ ಪದೇ ಆಟ ತಡಮಾಡುವ ತಂಡಕ್ಕೆ ಫೌಲು ಹಾಕಬೇಕೆಂಬುದೂ ಅದೇ ನಿಯಮದಲ್ಲಿದೆ.

ಆಟಗಾರರ ಹೊತ್ತನ್ನು ಅಂತರರಾಷ್ಟ್ರೀಯ ಫೆಡರೇಷನ್ ಫೀಬಾದ ನಿಯಮಗಳು ಬಿಗಿಯಾಗಿ ಅಳೆದು ಕೊಟ್ಟಿವೆ. ಟೈಮ್‌ಔಟ್ ಒಂದು ನಿಮಿಷ, ಅದರಲ್ಲಿ 50 ಸೆಕೆಂಡಾದಾಗ ಟೈಮರ್ ಎಚ್ಚರಿಕೆಯ ಸದ್ದು ಮಾಡಬೇಕು. ಐದನೇ ಫೌಲು ಮಾಡಿದ ಆಟಗಾರನ ಬದಲಿ ಸುಮಾರು 30 ಸೆಕೆಂಡಿನೊಳಗೆ ಬರಬೇಕು. ಪೆಟ್ಟಾಗಿ ಬಿದ್ದವನು ಸುಮಾರು 15 ಸೆಕೆಂಡಿನೊಳಗೆ ಎದ್ದು ಆಡುವ ಸ್ಥಿತಿಗೆ ಬರದಿದ್ದರೆ ಬದಲಿ ಬರಬೇಕು. ಆದರೆ ಫೌಲಾದ ಮೇಲೋ ಚೆಂಡು ಹೊರಗೆರೆ ದಾಟಿದ ಮೇಲೋ ರೆಫರಿ ಎಷ್ಟು ಸೆಕೆಂಡಿಗೆ ಚೆಂಡು ಕೊಡಬೇಕು ಎಂಬ ಅಂಕಿ ಎಲ್ಲೂ ಇಲ್ಲ. ಅದು ಅವರ ವಿವೇಕಕ್ಕೆ ಬಿಟ್ಟದ್ದು. ಎಷ್ಟು ಬೇಗ ಎನ್ನುವುದಕ್ಕಿಂತ, ಎರಡೂ ತಂಡಕ್ಕೆ, ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಒಂದೇ ಸಮವಾಗಿ ಕೊಡುವುದು ಮುಖ್ಯ ಎಂದು ನಾನು ನಂಬುತ್ತೇನೆ. ನೇಗಿಲು ಹೂಡಿದ ಜೋಡೆತ್ತಿನ ನಡೆಯಂತೆ, ಅದಕ್ಕೊಂದು ಹದ ಬಂದರೆ ಆಟಗಾರರು ತಾವೇ ಅದಕ್ಕೆ ಹೊಂದಿಕೊಳ್ಳುತ್ತಾರೆ.

ಆತುರದಿಂದ ಆಗುವ ಹಾನಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬದಲಿ ಆಟಗಾರನನ್ನು ಇಳಿಸುವ, ಟೈಮ್‌ಔಟ್ ಕೇಳುವ ಅವಕಾಶ ತೆರೆಯುವುದು ಚೆಂಡು ಡೆಡ್ ಆಗಿ, ಗಡಿಯಾರ ನಿಂತು, ರೆಫರಿ ಸ್ಕೋರ್ ಬರೆಯುವವರ ಟೇಬಲ್ಲಿಗೆ ತನ್ನ ಸನ್ನೆಗಳನ್ನು ತೋರಿಸಿ ಮುಗಿಸಿದ ಮೇಲೆ. ಥ್ರೋ-ಇನ್ ಮಾಡುವವನ ಕೈಗೋ ಮೊದಲ ಫ್ರೀ ಥ್ರೋ ಎಸೆಯುವವನ ಕೈಗೋ ಚೆಂಡು ಹೋದ ಕ್ಷಣ ಆ ಅವಕಾಶ ಮುಚ್ಚುತ್ತದೆ. ಈ ಎರಡರ ನಡುವಿನ ಕಿಂಡಿ ರೆಫರಿಯ ಕೈಯಲ್ಲಿದೆ. ಸನ್ನೆ ಮುಗಿಸಿ ಮರುಕ್ಷಣವೇ ಚೆಂಡು ಎಸೆದುಬಿಟ್ಟರೆ, ಟೇಬಲ್ಲಿನ ಬಳಿ ಬದಲಿಗಾಗಿ ಕಾಯುತ್ತ ಕುಳಿತ ಹುಡುಗಿ ಕುಳಿತಲ್ಲೇ ಉಳಿಯುತ್ತಾಳೆ. ಆ ತಂಡಕ್ಕೆ ನಿಯಮ ಕೊಟ್ಟ ಹಕ್ಕು ಯಾರ ಗಮನಕ್ಕೂ ಬಾರದೆ ತಪ್ಪಿಹೋಗುತ್ತದೆ.

ಆದ್ದರಿಂದ ಚೆಂಡು ಕೊಡುವ ಮೊದಲು ಕಣ್ಣು ಒಂದು ಸುತ್ತು ಬರಬೇಕು. ಮೊದಲು ಟೇಬಲ್ಲು: ಬದಲಿ ಇದ್ದಾರೆಯೇ, ಟೈಮ್‌ಔಟ್ ಕೇಳಿದ್ದಾರೆಯೇ. ಆಮೇಲೆ ಗಡಿಯಾರ: ನಿಂತಿದೆಯೇ, ಬುಟ್ಟಿಗೆ ಎಸೆಯಲು ಇರುವ ಹೊತ್ತು ಎಣಿಸುವ ಶಾಟ್ ಕ್ಲಾಕ್ 24 ಸೆಕೆಂಡಿಗೋ 14ಕ್ಕೋ ಸರಿಯಾಗಿ ಬಂದಿದೆಯೇ. ಜೊತೆಯ ರೆಫರಿ ತನ್ನ ಜಾಗದಲ್ಲಿ ನಿಂತು ನಿಮ್ಮ ಕಡೆ ನೋಡುತ್ತಿದ್ದಾರೆಯೇ? ಎರಡೂ ಕಡೆ ಐದೈದೇ ಜನ ಇದ್ದಾರೆಯೇ? ರೂಢಿಯಾದವರಿಗೆ ಇದು ಎರಡು ಮೂರು ಸೆಕೆಂಡಿನ ಕೆಲಸ. ಶಾಲಾ ಕೂಟಗಳಲ್ಲಿ ಎಲೆಕ್ಟ್ರಾನಿಕ್ ಶಾಟ್ ಕ್ಲಾಕ್ ಇಲ್ಲದೆ ಯಾರೋ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಎಣಿಸುವಾಗ ಅವರ ಮುಖ ನೋಡಿ ತಲೆಯಾಡಿಸಿದ ಮೇಲೆಯೇ ಮುಂದುವರಿಯುವುದು ಒಳ್ಳೆಯದು. ಗಡಿಯಾರ ತಪ್ಪಿ ಓಡಿ, ಆಮೇಲೆ ಆಟ ನಿಲ್ಲಿಸಿ, ಟೇಬಲ್ಲಿನ ಸುತ್ತ ಕೋಚುಗಳು ಸೇರಿ ವಾದ ಹತ್ತಿದರೆ ಹೋಗುವ ನಿಮಿಷಗಳ ಮುಂದೆ ಈ ಎರಡು ಸೆಕೆಂಡು ಏನೂ ಅಲ್ಲ.

ನಿಧಾನದ ಹಾನಿ ಬೇರೆ ಬಗೆಯದು. ಗಡಿಯಾರ ನಿಂತಿರುವಾಗ ಹೊತ್ತು ಹೋದರೆ ಯಾರಿಗೇನು ನಷ್ಟ ಎನಿಸಬಹುದು. ಓಡಿ ಓಡಿ ಎದುರಾಳಿಯನ್ನು ದಣಿಸಿದ ತಂಡಕ್ಕೆ ನಷ್ಟ. ಏದುಸಿರು ಬಿಡುತ್ತಿದ್ದವರಿಗೆ ಪುಕ್ಕಟೆ ವಿಶ್ರಾಂತಿ ಸಿಗುತ್ತದೆ, ಟೈಮ್‌ಔಟ್ ಖರ್ಚು ಮಾಡದೆಯೇ. ಶೂ ಲೇಸು ಬಿಚ್ಚಿ ಕಟ್ಟುವುದು, ಚೆಂಡನ್ನು ರೆಫರಿಗೆ ಕೊಡದೆ ದೂರ ಉರುಳಿಸುವುದು ಇದಕ್ಕಾಗಿಯೇ. ಬಾಸ್ಕೆಟ್ ಆದ ಮೇಲಂತೂ ನೇರ ಲಾಭವೇ ಇದೆ. ನಾಲ್ಕನೇ ಕ್ವಾರ್ಟರಿನ ಮತ್ತು ಹೆಚ್ಚುವರಿ ಆಟದ ಕೊನೆಯ ಎರಡು ನಿಮಿಷ ಬಿಟ್ಟು ಉಳಿದ ಹೊತ್ತಿನಲ್ಲಿ ಬಾಸ್ಕೆಟ್ ಬಿದ್ದರೂ ಗಡಿಯಾರ ನಿಲ್ಲುವುದಿಲ್ಲ. ಮುಂದಿರುವ ತಂಡದವನು ಬಲೆಯಿಂದ ಬಿದ್ದ ಚೆಂಡನ್ನು ಬೇಕೆಂದೇ ತಟ್ಟಿ ದೂರ ಕಳಿಸಿದರೆ ಎದುರಾಳಿಯ ಸೆಕೆಂಡುಗಳು ಸೋರುತ್ತವೆ. ಮೊದಲ ಸಲವೇ ಎರಡೂ ತಂಡಕ್ಕೆ ಕೇಳುವಂತೆ ಎಚ್ಚರಿಕೆ ಕೊಟ್ಟು, ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲು ಹಾಕಿ ಎದುರಾಳಿಗೆ ಒಂದು ಫ್ರೀ ಥ್ರೋ ಕೊಡಬೇಕು. ಮಕ್ಕಳ ಆಟ ಎಂದು ಸುಮ್ಮನಿದ್ದರೆ ಮಕ್ಕಳು ಅದನ್ನೇ ಆಟವೆಂದು ಕಲಿಯುತ್ತಾರೆ.

ಟೈಮ್‌ಔಟ್ ಮುಗಿದರೂ ಗುಂಪು ಬಿಡದ ತಂಡವನ್ನು ಏನು ಮಾಡಬೇಕು? ಅಮೆರಿಕದ ಹೈಸ್ಕೂಲು ನಿಯಮಗಳಲ್ಲಿ ಇದಕ್ಕೊಂದು ನೇರ ಉಪಾಯವಿದೆ. ಥ್ರೋ-ಇನ್ ಮಾಡುವವರು ಬಾರದಿದ್ದರೆ ರೆಫರಿ ಚೆಂಡನ್ನು ಗೆರೆಯಾಚೆ ನೆಲದ ಮೇಲಿಟ್ಟು ಐದು ಸೆಕೆಂಡು ಎಣಿಸತೊಡಗುತ್ತಾರೆ. ಎಣಿಕೆ ಮುಗಿದರೆ ಚೆಂಡು ಎದುರಾಳಿಗೆ. ನಮ್ಮಲ್ಲಿ ಆಡುವುದು ಫೀಬಾ ನಿಯಮದಂತೆ. 50 ಸೆಕೆಂಡಿನ ಸದ್ದಿಗೇ ರೆಫರಿ ಸೀಟಿ ಊದಿ, ಎರಡೂ ಬೆಂಚನ್ನು ಕೈಮಾಡಿ ಕರೆದು, ಚೆಂಡು ಹಿಡಿದು ಥ್ರೋ-ಇನ್ನಿನ ಜಾಗದಲ್ಲಿ ಹೋಗಿ ನಿಂತುಬಿಟ್ಟರೆ ಮುಕ್ಕಾಲು ಪಾಲು ತಡ ಅಲ್ಲೇ ತಪ್ಪುತ್ತದೆ.

ಹದ ಮುರಿಯಲೇಬೇಕಾದ ಸಂದರ್ಭಗಳೂ ಇವೆ. ಪೆಟ್ಟು ಬಿದ್ದಾಗ ಆತುರ ಸಲ್ಲದು. ರಕ್ತ ಬಂದಿದ್ದರೆ ಆಟಗಾರ ಹೊರಗೆ ಹೋಗಲೇಬೇಕು; ರಕ್ತ ನಿಂತು, ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಮರಳಬಹುದು. ನಮ್ಮ ಮಲೆನಾಡಿನ ಬಯಲು ಅಂಕಣದಲ್ಲಿ ಶ್ರಾವಣ, ಭಾದ್ರಪದದ ಜಡಿಮಳೆಗೆ ಸಿಮೆಂಟು ಪಾಚಿಗಟ್ಟಿರುತ್ತದೆ. ಒಬ್ಬ ಜಾರಿದರೆ ಆ ಜಾಗ ಒರೆಸಿ, ಕಾಲಿಂದ ತಾವೇ ಉಜ್ಜಿ ನೋಡುವವರೆಗೂ ಚೆಂಡು ಕೊಡಬಾರದು, ಪ್ರೇಕ್ಷಕರು ಎಷ್ಟೇ ಕೂಗಲಿ. ಇದಕ್ಕೆ ತದ್ವಿರುದ್ಧ, ಇಬ್ಬರು ಆಟಗಾರರು ಮುಖಕ್ಕೆ ಮುಖ ಕೊಟ್ಟು ನಿಂತಾಗ ಬೇಗ ಶುರುಮಾಡುವುದೇ ಮೇಲು. ಫೌಲನ್ನು ಟೇಬಲ್ಲಿಗೆ ಸ್ಪಷ್ಟವಾಗಿ ತೋರಿಸಿ, ಇಬ್ಬರನ್ನೂ ದೂರ ಮಾಡಿ, ಚೆಂಡು ಕೊಟ್ಟುಬಿಡಿ. ಸುಮ್ಮನೆ ನಿಂತಷ್ಟು ಹೊತ್ತೂ ಮಾತಿಗೆ ಮಾತು ಬೆಳೆಯುತ್ತದೆ.

ಕೊನೆಯ ಎರಡು ನಿಮಿಷದಲ್ಲಿ ರೆಫರಿಯ ಕೈ ತಂತಾನೇ ವೇಗವಾಗುತ್ತದೆ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಫೀಬಾ ಮಹಿಳಾ ಏಷ್ಯಾ ಕಪ್‌ನಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74-73ರಿಂದ, ಬಿ ಡಿವಿಷನ್ನಿನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಕಪ್ ಗೆದ್ದವು. ಇಷ್ಟು ಬಿಗಿಯಾದ ಪಂದ್ಯದಲ್ಲಿ ಒಂದು ಬದಲಿ, ಒಂದು ಟೈಮ್‌ಔಟ್ ಕೈತಪ್ಪಿದರೂ ಪಂದ್ಯವೇ ಕೈತಪ್ಪಬಹುದು. ಈ ಹೊತ್ತಿಗೆಂದೇ ಇರುವ ನಿಯಮವೊಂದನ್ನು ನೆನಪಿಡಬೇಕು: ಹೊರಗೆರೆಯಿಂದ ಥ್ರೋ-ಇನ್ ಕೊಡುವ ಮೊದಲು, ಗೆರೆ ದಾಟಿ ಕೈಚಾಚಬೇಡ ಎಂಬ ಎಚ್ಚರಿಕೆಯ ಸನ್ನೆಯನ್ನು ತಡೆಯುವ ಆಟಗಾರನಿಗೆ ತೋರಿಸಬೇಕು. ಅದಾದ ಮೇಲೂ ದಾಟಿದರೆ ಟೆಕ್ನಿಕಲ್ ಫೌಲು. ಆತುರದಲ್ಲಿ ಈ ಸನ್ನೆ ತಪ್ಪಿಸಿದವರಿಗೆ ಆಮೇಲೆ ಆ ಫೌಲು ಹಾಕುವುದು ಕಷ್ಟ.

ಇದೆಲ್ಲ ಸಾಧ್ಯವಾಗಬೇಕಾದರೆ ಟೇಬಲ್ಲಿನವರು ಜೊತೆಗಿರಬೇಕು. ತಾಲ್ಲೂಕು ಕೂಟಗಳಲ್ಲಿ ಸ್ಕೋರ್ ಶೀಟಿನ ಮುಂದೆ ಕೂರುವವರು ಎಷ್ಟೋ ಸಲ ಪಿಯುಸಿ ಮಕ್ಕಳೋ ಬೇರೆ ಆಟದ ಶಿಕ್ಷಕರೋ ಆಗಿರುತ್ತಾರೆ. ಪಂದ್ಯಕ್ಕೆ ಮೊದಲು ಹತ್ತು ನಿಮಿಷ ಅವರ ಬಳಿ ಕೂತು, ಚೆಂಡು ಡೆಡ್ ಆದಾಗ ಮಾತ್ರ ಬಜರ್ ಒತ್ತಬೇಕು, ಬದಲಿ ಬಂದವರನ್ನು ಟೇಬಲ್ಲಿನ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಕು, ಥ್ರೋ-ಇನ್ನಿನ ಚೆಂಡು ಅಂಕಣದೊಳಗಿನ ಆಟಗಾರನಿಗೆ ತಾಗಿದಾಗ ಗಡಿಯಾರ ಓಡಿಸಬೇಕು ಎಂದು ಹೇಳಿಕೊಡಿ. ಬಜರ್ ಇಲ್ಲದಿದ್ದರೆ ಶಾಲೆಯ ಗಂಟೆಯನ್ನೇ ತಂದಿಟ್ಟುಕೊಳ್ಳಿ. ಟೇಬಲ್ಲಿಗೂ ಸೀಟಿ ಕೊಟ್ಟರೆ ಆಟಗಾರರಿಗೆ ರೆಫರಿಯ ಸೀಟಿ ಯಾವುದು, ಟೇಬಲ್ಲಿನದು ಯಾವುದು ಎಂದು ತಿಳಿಯದೆ ನಡೆಯುತ್ತಿರುವ ಆಟ ನಿಂತುಹೋಗುತ್ತದೆ.